ಉಸಿರನ್ನು ಮುಂದಿನ ವರ್ಷಕ್ಕೆ ಮುಂದೂಡಿದ ಅಧ್ಯಕ್ಷರಿಗೆ

ಟ್ಯಾನರ್ಸ್ ಬೆಂಡ್ ಪುರಸಭೆಯ ಘನ ಅಧ್ಯಕ್ಷರಾದ ಡೆಲ್ಬರ್ಟ್ ಕ್ರೌಸ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಈ ಮಾರ್ಚ್ ತಿಂಗಳ ಕೊರೆಯುವ ಗಾಳಿಯಲ್ಲೂ ತಾವು ಬೆಚ್ಚಗಿರುವಿರೆಂದು ನಂಬಿ, ಬೆಳಿಗ್ಗೆ ಸಂಜೆ ಶಾಲಾ ಬಸ್ಸು ಓಡಿಸುವ, ಬೆಂಕಿ ಬಿದ್ದಾಗ ಆರಿಸಲು ಓಡುವ ಲೋರ್ನಾ ಪೆಟ್ರಿಕ್ ಎಂಬ ನಾನು, ಹತ್ತೊಂಬತ್ತು ವರ್ಷ ಅಗ್ನಿಶಾಮಕ ದಳದಲ್ಲಿ ಸಂಬಳವಿಲ್ಲದೆ ದುಡಿದ ಸಲುಗೆಯಿಂದ ಇದನ್ನು ಊರ ಪತ್ರಿಕೆಯ ಮೂಲಕ ಅರ್ಪಿಸುತ್ತಿದ್ದೇನೆ. ತಮ್ಮ ಕಚೇರಿಗೇ ಬರೆದ ಆರು ಪತ್ರಗಳನ್ನು ತಾವು ಬಹಳ ಜೋಪಾನವಾಗಿ ಇಟ್ಟಿದ್ದೀರೆಂದು ಕೇಳಿದ್ದೇನೆ. ಲಕೋಟೆ ಕೂಡ ಹರಿದಿಲ್ಲವಂತೆ.

ನಮ್ಮ ಅಗ್ನಿಶಾಮಕ ದಳದವರು ಹೊಗೆಯೊಳಗೆ ಹೋಗುವಾಗ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರನ್ನು ಹದಿನೈದು ವರ್ಷಕ್ಕೆ ಎಸೆಯಬೇಕೆಂದು ಅದರ ಮೈಮೇಲೇ ಬರೆದಿದೆ. ನಮ್ಮವಕ್ಕೆ ಹದಿನೆಂಟು ತುಂಬಿತ್ತು. ಹೊಸದು ಕೊಡಿಸಿ ಎಂದು ನಾವು ಸಭೆಗೆ ಬಂದಾಗ ತಾವು, "ನಮ್ಮಪ್ಪನ ಕಾಲದಲ್ಲಿ ಒದ್ದೆ ಕರ್ಚೀಫು ಕಟ್ಕೊಂಡು ಒಳಗೆ ನುಗ್ತಿದ್ರು ಕಣ್ರೀ. ಈಗಿನೋರಿಗೆ ಎಲ್ಲಾ ನಾಜೂಕು," ಎಂದಿರಿ. ಅದೇ ತಿಂಗಳು ಪುರಭವನದ ಎದುರು ಹವೆ ಎಷ್ಟು ಡಿಗ್ರಿ ಎಂದು ತೋರಿಸುವ ಮಿನುಗುವ ಫಲಕ ಎದ್ದು ನಿಂತಿತು. ಜನವರಿಯಲ್ಲಿ ಚಳಿಯಿರುತ್ತದೆ ಎಂಬ ವಿಷಯ ಅಲ್ಲಿಯವರೆಗೆ ನಮ್ಮೂರಿನಲ್ಲಿ ಯಾರಿಗೂ ಖಚಿತವಿರಲಿಲ್ಲ.

ಫೆಬ್ರುವರಿಯ ಒಂದು ಗುರುವಾರ, ಹಗಲು ಹನ್ನೊಂದಕ್ಕೆ, ಲಾಂಡ್ರಿ ಅಂಗಡಿಯ ಹಿಂಬದಿ ಹೊತ್ತಿಕೊಂಡಿತು. ಮಹಡಿಯಲ್ಲಿ ಇನೆಜ್ ಮಾರ್ಲೋ ಇದ್ದರು. ಎಂಬತ್ತೊಂದರ ಹೆಂಗಸು, ಸೊಂಟ ಮುರಿದು ಮಲಗಿದವರು. ನಮ್ಮ ದಳದವನೇ ಆದ ಕ್ಷೌರದಂಗಡಿಯ ರೇ ಸಡೋವ್‌ಸ್ಕಿ ಗಿರಾಕಿಯ ಅರ್ಧ ತಲೆಯನ್ನು ಹಾಗೇ ಬಿಟ್ಟು ಓಡಿಬಂದ. ನಾವಿಬ್ಬರೂ ಮೇಲೆ ಹತ್ತಿದೆವು. ಗಾಳಿ ಮುಗಿಯುತ್ತ ಬಂದಾಗ ಎಚ್ಚರಿಸಬೇಕಾದ ಗಂಟೆ ರೇಯ ಸಿಲಿಂಡರಿನಲ್ಲಿ ಮೊಳಗಲೇ ಇಲ್ಲ. ಇನೆಜ್ ಅವರನ್ನು ಅವನು ಹೆಗಲಿಗೇರಿಸಿಕೊಂಡ ಗಳಿಗೆಯಲ್ಲೇ ಗಾಳಿ ನಿಂತು, ಮಾಸ್ಕು ಅವನ ಮುಖಕ್ಕೆ ಕಚ್ಚಿಕೊಂಡಿತು. ಇನೆಜ್ ಅವರನ್ನು ನನ್ನ ಹೆಗಲಿಗೆ ತೆಗೆದುಕೊಳ್ಳಲು ಕೈ ಚಾಚಿದೆ, ಅವನು ತಳ್ಳಿದ. ಮಾಸ್ಕು ಕಿತ್ತೆಸೆದು, "ನೀ ಮುಂದೆ ನಡಿ, ದಾರಿ ತೋರ್ಸು. ಇವಮ್ಮನ್ನ ನಾನು ಬಿಡಲ್ಲ," ಎಂದ. ಹದಿನಾಲ್ಕು ಮೆಟ್ಟಿಲು. ಕೆಳಗೆ ಬಂದು ಇನೆಜ್ ಅವರನ್ನು ಹಿಮದ ಮೇಲೆ ಹಾಸಿದ ಕಂಬಳಿಯಲ್ಲಿ ಮೆತ್ತಗೆ ಮಲಗಿಸಿ, ಆಮೇಲೆ ಬಿದ್ದ.

ಇನೆಜ್ ಬದುಕಿದರು. ರೇ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದ. ಚರ್ಚಿನ ಗಾಯಕರ ಸಾಲಿನಲ್ಲಿ ಅತಿ ದಪ್ಪ ದನಿಯವನು, ಈಗ ಒಂದು ಸಾಲು ಮುಗಿಯುವುದರೊಳಗೆ ಎರಡು ಸಲ ನಿಲ್ಲುತ್ತಾನೆ. ತಾವು ಕೂಡಲೇ ಸ್ಪಂದಿಸಿದಿರಿ, ಅದನ್ನು ಮರೆಯಲಾದೀತೇ? ಪದಕ ತೊಡಿಸಿ, "ಸಲಕರಣೆ ಅಲ್ಲ, ಗಂಡೆದೆ ಬೇಕು," ಎಂದಿರಿ. ರೇ ತಣ್ಣಗೆ, "ಎದೆ ಇತ್ತು ಸಾರ್. ಅದನ್ನೇ ಅಲ್ವಾ ಸುಟ್ಕೊಂಡಿದ್ದು," ಎಂದದ್ದು ಚಪ್ಪಾಳೆಯಲ್ಲಿ ತಮಗೆ ಕೇಳಿಸಿರಲಾರದು.

ಕಳೆದ ವಾರ ಪಕ್ಕದ ಊರಿನ ದಳದ ಮುಖ್ಯಸ್ಥೆ ಮಾರ್ಥಾ ಯೋಡರ್, ಅವರ ದಳ ಬಳಸಿ ಬಿಟ್ಟ ಸಿಲಿಂಡರು, ಮಾಸ್ಕುಗಳ ನಾಲ್ಕು ಸೆಟ್ಟುಗಳನ್ನು ಅವರದೇ ಟ್ರಕ್ಕಿನಲ್ಲಿ ಪುರಸಭೆಯ ಸಭೆಗೆ ತಂದು, ಹೊಸದು ಬರುವ ತನಕ ಇಟ್ಟುಕೊಳ್ಳಿ ಎಂದು ಕೊಟ್ಟರು. ಅವರು ಬಿಟ್ಟದ್ದು ನಮ್ಮ ಹಳೆಯದಕ್ಕಿಂತ ಹತ್ತು ವರ್ಷ ಹೊಸದು. ಫೋಟೋಕ್ಕೆಂದು ತಾವು ಒಂದು ಮಾಸ್ಕು ಧರಿಸಿ, ಪಟ್ಟಿಯನ್ನು ತಾವೇ ಬಿಗಿದುಕೊಂಡಿರಿ. ಸಿಲಿಂಡರ್ ತೆರೆಯಬೇಕೆಂದು ತಮಗೆ ತಿಳಿದಿರಲಿಲ್ಲ. ಮಾಸ್ಕು ಮುಖಕ್ಕೆ ಅಂಟಿ, ತಾವು ಕೈಕಾಲು ಬಡಿದು ಕುರ್ಚಿ ಬೀಳಿಸಿದಾಗ ಪಟ್ಟಿ ಬಿಚ್ಚಿದವಳು ನಾನೇ. "ಉಸ್ರೇ ಬರಲ್ವಲ್ರೀ ಇದ್ರಲ್ಲಿ," ಎಂದಿರಿ. ಮಾನ್ಯರೇ, ನಮ್ಮ ಆರು ಪತ್ರಗಳ ಸಾರಾಂಶವನ್ನು ಯಾರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಅದೇ ಸಭೆಯಲ್ಲಿ ತಾವು ನೀರು ಕುಡಿದು, ಮುಖ ಒರೆಸಿಕೊಂಡು, ಪಕ್ಕದೂರಿನ ಸೆಟ್ಟುಗಳು ಹೇಗೂ ಬಂದಿರುವುದರಿಂದ ಹೊಸದನ್ನು ಮುಂದಿನ ವರ್ಷ ನೋಡೋಣ ಎಂದು ಠರಾವು ಮಾಡಿಸಿದಿರಿ. ಏಳು ಜನ ಸದಸ್ಯರಲ್ಲಿ ಆರು ಕೈಗಳು ಮೇಲೆದ್ದವು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ವರ್ಷದವರೆಗೆ ಊರಿನೊಳಗೆ ಹೊಗೆ ಕಾಲಿಡಬಾರದೆಂದು ತಮ್ಮ ಸಹಿ ಮೊಹರಿನೊಂದಿಗೆ ಅದಕ್ಕೊಂದು ನೋಟಿಸು ಜಾರಿ ಮಾಡಿ. ಅದು ಕೇಳದಿದ್ದರೆ, ಒಮ್ಮೆಗೆ ನಾಲ್ವರೇ ಉಸಿರಾಡತಕ್ಕದ್ದು, ನಮ್ಮಲ್ಲಿ ಉಳಿದ ಐವರು ಸರದಿ ಕಾಯತಕ್ಕದ್ದು ಎಂದು ಇನ್ನೊಂದು ಠರಾವು ಹೊರಡಿಸಿ. ತಮ್ಮ ಮನೆ ಹೊತ್ತಿದರೂ ನಾವು ಬರುತ್ತೇವೆ. ಆ ವಿಷಯದಲ್ಲಿ ಚಿಂತೆ ಬೇಡ.

ಹೊಗೆಯಲ್ಲೂ ಬಯಲಲ್ಲೂ ತಮ್ಮ ವಿಶ್ವಾಸಿ,
ಲೋರ್ನಾ ಪೆಟ್ರಿಕ್

ವಿ.ಸೂ.: ವೈದ್ಯರ ಮಾತಿನಂತೆ ರೇ ಸಡೋವ್‌ಸ್ಕಿ ನಿನ್ನೆ ದಳ ಬಿಟ್ಟ. ಅವನ ಜಾಗ ಖಾಲಿಯಿದೆ, ತಾವು ತುಂಬಲೆಂದು ತಮ್ಮ ಕಚೇರಿಗೆ ಕಳಿಸುವ ಪ್ರತಿಗೆ ಅರ್ಜಿ ಲಗತ್ತಿಸಿದ್ದೇನೆ. ಒಂದು ಒದ್ದೆ ಕರ್ಚೀಫನ್ನೂ ಇಟ್ಟಿದ್ದೇನೆ. ತಲುಪುವಾಗ ಒಣಗಿದ್ದರೆ ದಯಮಾಡಿ ತಾವೇ ನೆನೆಸಿಕೊಳ್ಳಿ.