ಹೂಮಳೆಯೂ ಟಾಸ್ಕ್‌ಬಾರೂ

ಮಳೆಯ ವಿಚಾರದಲ್ಲಿ ನಮ್ಮ ಕಡೆಯ ಕಾಫಿ ಬೆಳೆಗಾರರು ಸುಳ್ಳು ಹೇಳುವುದಿಲ್ಲ. ಹತ್ತು ಸೆಂಟು ಸೇರಿಸಿ ಹೇಳುತ್ತಾರೆ, ಅಷ್ಟೆ. ಇಂಚಿನ ನೂರರಲ್ಲೊಂದು ಭಾಗಕ್ಕೆ ನಾವು ಸೆಂಟು ಅನ್ನುವುದು. ಪಕ್ಕದ ತೋಟದವನು ಅರವತ್ತು ಎಂದರೆ ನಮ್ಮ ಬಾಯಲ್ಲಿ ತಾನಾಗಿಯೇ ಎಪ್ಪತ್ತು ಬರುತ್ತದೆ. ಹೇಳಿದಾಗಲೆಲ್ಲ ಹತ್ತು ಸೇರುತ್ತ ಹೋಗಿ, ವರ್ಷ ಕಳೆಯುವಷ್ಟರಲ್ಲಿ ಹೇಳಿದವರೇ ಅದನ್ನು ನಂಬಿಬಿಡುತ್ತಾರೆ. ನಾನು ಹಾಗೆ ನಂಬಿ ಕೆಟ್ಟವನು.

ಕಾಫಿ ಹೂ ಅರಳಿಸುವ ಹೂಮಳೆ ಹೋದ ವರ್ಷ ನಮ್ಮ ತೋಟಕ್ಕೆ ಒಂದೂವರೆ ಇಂಚು ಬಿದ್ದಿತ್ತು ಎಂದು ವನಗೂರಿನ ಜೀಪ್ ಸ್ಟ್ಯಾಂಡಿನಲ್ಲಿ ಹೇಳಿದೆ. ಜೀಪ್ ಓಡಿಸುವ ಬಶೀರ್ ಕೇಳಿಸಿಕೊಂಡ. "ಅರ್ಧ ಇಂಚೂ ಇಲ್ಲ ಬಿಡಿ ಮಾರಾಯ್ರೆ. ಮಾರನೇ ದಿನ ನಿಮ್ ಗೇಟ್ ಹತ್ರಾನೇ ನನ್ ಜೀಪು ಧೂಳೆಬ್ಬಿಸ್ಕೊಂಡ್ ಬಂತು." ನಿಂತಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ ಕಂಪ್ಯೂಟರಲ್ಲಿ ದಿನದಿನದ್ದೂ ಐತೆ ಕಣೋ. ನಾಳೆ ಬಂದು ನೋಡು. ತಪ್ಪಾಗಿದ್ರೆ ಇವರೆಲ್ಲರ ಮುಂದೆ ಇಲ್ಲೇ ಒಪ್ಕೊಳ್ತೀನಿ" ಎಂದುಬಿಟ್ಟೆ.

ಮನೆಗೆ ಬಂದು ಕಂಪ್ಯೂಟರ್ ಹಾಕಿದರೆ ಪರದೆಯ ಕೆಳಗಿರುವ ಟಾಸ್ಕ್‌ಬಾರೇ ನಾಪತ್ತೆ! ಅದರ ಮೂಲೆಯ ಗುಂಡಿ ಒತ್ತಿಯೇ ಫೈಲಿಗೆ ಹೋಗುವವನು ನಾನು. ಬೇರೆ ದಾರಿ ಗೊತ್ತಿಲ್ಲ. ಆರಿಸಿ ಹಾಕಿದೆ. ಅದರ ತಲೆಗೊಂದು ತಟ್ಟಿದೆ. ಹಳೆಯ ಯಂತ್ರ, ಥಂಡಿ ಹಿಡಿದಿರಬೇಕೆಂದು ಪಕ್ಕದಲ್ಲಿ ಬಲ್ಬ್ ಉರಿಸಿಟ್ಟೆ. ನಮ್ಮಲ್ಲಿ ರೇಡಿಯೋ, ಕ್ಯಾಮೆರಾ, ಉಪ್ಪಿನ ಡಬ್ಬಿ ಎಲ್ಲಕ್ಕೂ ಇದೇ ಮದ್ದು. "ಕಾವಿಗೆ ಎಷ್ಟ್ ಮೊಟ್ಟೆ ಇಟ್ಟಿದ್ದೀರಿ?" ಎಂದು ಕೇಳಿದಳು ಹೆಂಡತಿ ಶಾರದ.

ಬೆಳಿಗ್ಗೆ ಧೂಳು ಒರೆಸಲು ಬಂದವಳು ಮೌಸನ್ನು ಅದರ ಕೆಳಗೆ ನಾನು ಹಾಸಿಕೊಂಡಿದ್ದ ಡೈರಿಯಿಂದಾಚೆ ಎಳೆದಳು. ಟಾಸ್ಕ್‌ಬಾರ್ ಪಟ್ಟನೆ ಎದ್ದು ಬಂತು! ಮೌಸಿನ ಬಾಣ ಪರದೆಯ ತಳ ಮುಟ್ಟಿದರೆ ಮಾತ್ರ ಅದು ಏಳುವಂತೆ ನಾನೇ ಎಂದೋ ಏನನ್ನೋ ಒತ್ತಿದ್ದೆ. ಡೈರಿಯ ಅಂಚು ಬಂದ ಕೂಡಲೇ ಕೈ ನಿಲ್ಲಿಸುವ ನನಗೆ ಪರದೆಯ ತಳ ಎಲ್ಲಿ ಸಿಗಬೇಕು?

ಕುಣಿಯುತ್ತ ಫೈಲು ತೆರೆದೆ. ಹೋದ ವರ್ಷದ ಹೂಮಳೆ: ಮೂವತ್ತು ಸೆಂಟು.

ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಫೈಲು ಮುಚ್ಚಿ ಬಾಣವನ್ನು ಮೇಲಕ್ಕೆ ಅಟ್ಟಿದೆ. ಟಾಸ್ಕ್‌ಬಾರ್ ಮತ್ತೆ ಮಾಯ. "ಏನ್ಮಾಡೋದು ಬಶೀರ್, ಕೆಟ್ಟೋಗ್ಬುಟ್ಟೈತೆ" ಎಂದು ಮುಖ ಸಣ್ಣದು ಮಾಡಿದೆ. ಅಡುಗೆಮನೆಯಲ್ಲಿ ಶಾರದ ಕೆಮ್ಮಿದಳು.

ಬಶೀರ್ ಮರುಗಿದ. ಕಾಫಿ ಲೋಟ ಇಡಲು ಜಾಗ ಮಾಡಿಕೊಳ್ಳುತ್ತ ಮೌಸನ್ನು ಸರಿಸಿ ಡೈರಿ ಎತ್ತಿದ. "ಇದೇನ್ರೀ ಇದು?"

ಹೋದ ವರ್ಷದ ಮಳೆ ಡೈರಿ. ಮಳೆಮಾಪಕದ ಪಕ್ಕ ನಿಂತು ಮೊದಲು ಅದರಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ಏರಿಸುವುದು ನನ್ನ ಪದ್ಧತಿ. ಪುಟ ತಿರುವುತ್ತ ಹೋದ ಬಶೀರ್ ಒಂದು ಕಡೆ ಬೆರಳಿಟ್ಟು ನನ್ನ ಮುಖ ನೋಡಿದ. ಎದ್ದು ಹೋಗಿ ಜೀಪಿನ ಬಾಗಿಲು ತೆಗೆದು ಹಿಡಿದ.

ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಸೋಲು ಒಪ್ಪಿಕೊಂಡೆ. ಎದೆ ಹಗುರವಾಯಿತು, ಇನ್ನು ಸತ್ಯವನ್ನೇ ನುಡಿಯಬೇಕು ಅನ್ನಿಸಿತು. ಅಷ್ಟರಲ್ಲಿ ಯಾರೋ, "ಹಂಗಾದ್ರೆ ಬಿದ್ದಿದ್ದು ಎಷ್ಟು?" ಎಂದರು.

"ನಲವತ್ತು ಸೆಂಟು" ಎಂದೆ.