ನೌಕೆಯ ಕೊನೆಯ ಬ್ರೆಡ್ ತುಂಡು

ಇನ್ನು ಮುಂದೆ ಈ ವಿಶ್ವದಲ್ಲಿ ಒಂದೇ ಒಂದು ತಪ್ಪೂ ನನ್ನ ಕಣ್ಣು ತಪ್ಪಿಸಿ ಹೋಗಕೂಡದು ಎಂದು ನಾನು ಪಣ ತೊಟ್ಟೆ. ವಿಶ್ವ ಎಂದರೆ ನಮ್ಮ ಮನೆಯಲ್ಲ. ಅಲ್ಲಿ ತಪ್ಪು ಹುಡುಕುವ ಗುತ್ತಿಗೆ ಪೂರ್ತಿ ಹೆಂಡತಿಯದು. ನಾನು ಹೇಳುತ್ತಿರುವುದು ಟಿವಿಯಲ್ಲಿ ವಾರಕ್ಕೊಮ್ಮೆ ಬರುವ ‘ಏಳನೇ ಗ್ರಹದಾಚೆ’ ಧಾರಾವಾಹಿಯ ವಿಶ್ವ. ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷಿಸುವುದು ನನ್ನ ಕೆಲಸ. ಉಳಿದ ಹೊತ್ತೆಲ್ಲ ಆ ಧಾರಾವಾಹಿಯನ್ನು ಪರೀಕ್ಷಿಸುತ್ತೇನೆ. ನೂರಾ ಹನ್ನೆರಡು ಕಂತಿಗೆ ಮೂರು ನೋಟ್‌ಬುಕ್ ತುಂಬಿವೆ.

“ಇಲ್ಲಿ ನೋಡೇ,” ಎಂದು ಹೆಂಡತಿಯನ್ನು ಕರೆದೆ. “ಒಂಬತ್ತನೇ ಕಂತಲ್ಲಿ ನೌಕೆಯ ನಾಯಕ, ಅಮ್ಮ ತೀರ್ಕೊಂಡು ಮೂವತ್ತು ವರ್ಷ ಆಯ್ತು ಅಂತಾನೆ. ಮುಂದಿನ ಕಂತಲ್ಲೇ ಅವನಿಗೆ ಇಪ್ಪತ್ತೆಂಟು ತುಂಬುತ್ತೆ.”

“ಅಂದ್ರೆ ಇವನು ಹುಟ್ಟೋಕೆ ಎರಡು ವರ್ಷ ಮುಂಚೆನೇ ತಾಯಿ ಹೋಗಿದ್ಲು?”

“ಅದೇ ಮತ್ತೆ.”

“ಪಾಪ, ಬಾಣಂತನ ಯಾರು ಮಾಡಿದ್ರೋ,” ಎಂದು ಅವಳು ಬಟ್ಟೆ ಮಡಚಲು ಹೋದಳು.

ಇಂಥ ನೂರಾ ನಲವತ್ತು ಎಡವಟ್ಟುಗಳನ್ನು ಪಟ್ಟಿ ಮಾಡಿ ಭಾವಮೈದುನನ ಕೈಗೆ ಕೊಟ್ಟೆ. ಅವನು ಅದೇ ಧಾರಾವಾಹಿಯ ಸೆಟ್ಟಿನಲ್ಲಿ ಲೈಟು ನೋಡಿಕೊಳ್ಳುವವನು. ಮೂರನೇ ದಿನ ಅವನ ಫೋನು ಬಂತು.

“ಭಾವ, ನಿಮ್ಮ ಪಟ್ಟಿ ನೋಡಿ ಡೈರೆಕ್ಟರು ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ಆಮೇಲೆ, ಅವರನ್ನೇ ಕರ್ಕೊಂಡು ಬಾ, ಒಂದು ದಿನ ನೋಡೋಣ ಅಂದ್ರು. ಸರಿಹೋದ್ರೆ ಪ್ರತಿ ಕಂತಿನ ಕೊನೇಲಿ ನಿಮ್ಮ ಹೆಸರು ಹಾಕ್ತಾರಂತೆ, ಕಂಟಿನ್ಯೂಟಿ ಅಂತ.”

ಪರದೆಯ ಮೇಲೆ ನನ್ನ ಹೆಸರು! ಜೀವನದಲ್ಲಿ ಅದೊಂದು ಆಸೆ ಬಾಕಿ ಇತ್ತು. ಕೆಲಸವೂ ನನಗೆಂದೇ ಹುಟ್ಟಿದ್ದು: ಹಿಂದಿನ ದೃಶ್ಯದಲ್ಲಿ ಏನೇನು ಎಲ್ಲೆಲ್ಲಿತ್ತೋ, ಮುಂದಿನ ದೃಶ್ಯದಲ್ಲೂ ಅದು ಅಲ್ಲೇ ಇರುವಂತೆ ಕಾಯುವುದು.

“ತಿಂಡಿ ತಿಂದ್ಕೊಂಡು ಹೋಗ್ರಿ,” ಎಂದಳು ಹೆಂಡತಿ.

“ಅಂತರಿಕ್ಷ ಕಾಯ್ತಿರುವಾಗ ತಿಂಡಿ ಏನೇ?” ಎಂದು ಬರಿಹೊಟ್ಟೆಯಲ್ಲೇ ಹೊರಟೆ.

ಅಂತರಿಕ್ಷ ಊರಾಚೆಯ ಒಂದು ಶೆಡ್ಡಿನಲ್ಲಿತ್ತು. ನೌಕೆಯ ಗೋಡೆ ಪ್ಲೈವುಡ್ಡಿನದು, ಗುಂಡಿಗಳೆಲ್ಲ ಬಣ್ಣ ಬಳಿದ ಬಾಟಲಿ ಮುಚ್ಚಳಗಳು. ಅಂದಿನ ದೃಶ್ಯದಲ್ಲಿ ನೌಕೆಯ ಆಹಾರವೆಲ್ಲ ಮುಗಿದು ಎಂಟು ಜನರ ಪ್ರಾಣ ಹೋಗುವುದರಲ್ಲಿದೆ. ತಟ್ಟೆಯಲ್ಲಿ ಉಳಿದಿರುವುದು ಒಂದೇ ಒಂದು ಬ್ರೆಡ್ ತುಂಡು. ನಾಯಕ ಅದನ್ನು ಒಮ್ಮೆ ಕಚ್ಚಿ, ಕಣ್ಣು ತುಂಬಿಕೊಂಡು, ಉಳಿದವರಿಗೆಂದು ತಟ್ಟೆಯಲ್ಲಿಡುತ್ತಾನೆ. ಅಷ್ಟಾಗುವಾಗಲೇ ಹನ್ನೊಂದು ಗಂಟೆ. ಲೈಟು ಬದಲಾಯಿಸಲು ಒಂದು ಗಂಟೆ ಬಿಡುವು ಕೊಟ್ಟರು.

“ಒಂದು ಹುಲ್ಲುಕಡ್ಡಿನೂ ಆಚೀಚೆ ಆಗ್ಬಾರ್ದು ಸರ್. ನಿಮ್ಮ ಜವಾಬ್ದಾರಿ,” ಎಂದರು ಡೈರೆಕ್ಟರು.

ನೌಕೆಯೊಳಗೆ ನಾನೊಬ್ಬನೇ ಕಾವಲು ಕೂತೆ. ‘ಬ್ರೆಡ್, ಎಡ ಮೂಲೆ, ಒಂದು ಕಚ್ಚು’ ಎಂದು ಬರೆದುಕೊಂಡೆ. ಕಚ್ಚಿನ ಅಳತೆ ತಪ್ಪಬಾರದಲ್ಲ, ತುಂಡನ್ನು ಕೈಗೆತ್ತಿಕೊಂಡೆ. ಆಗ ಆ ನಾಯಕನ ತಾಯಿ ಮತ್ತೆ ತಲೆಯೊಳಗೆ ಬಂದಳು. ಅವನು ಹುಟ್ಟಿದ್ದು ಬೇರೆ ಗ್ರಹದಲ್ಲಾಗಿದ್ದರೆ? ಆ ಗ್ರಹ ತನ್ನ ಸೂರ್ಯನನ್ನು ನಿಧಾನವಾಗಿ ಸುತ್ತುತ್ತಿದ್ದರೆ? ಅಲ್ಲಿನ ಇಪ್ಪತ್ತೆಂಟು ವರ್ಷ ನಮ್ಮ ಮೂವತ್ತೈದಾಗಬಹುದು. ಹಾಗಾದರೆ ಅವನಿಗೆ ಐದು ತುಂಬುವವರೆಗೂ ತಾಯಿ ಬದುಕಿದ್ದಳು! ತಾಯಿಯೂ ಉಳಿದಳು, ಬಾಣಂತನವೂ ಆಯಿತು. ಎರಡು ವರ್ಷದಿಂದ ನಿದ್ದೆಗೆಡಿಸಿದ್ದ ಒಗಟು ಬಿಡಿಸಿದ ಖುಷಿಯಲ್ಲಿ ಬರೆದುಕೊಳ್ಳೋಣವೆಂದು ನೋಡಿದರೆ ಕೈ ಖಾಲಿಯಿತ್ತು. ಬಾಯಿ ಮಾತ್ರ ಆಡುತ್ತಿತ್ತು.

ಎಂಟು ಜನರ ಕೊನೆಯ ತುತ್ತನ್ನು ನಾನು ನುಂಗಿದ್ದೆ. ಓಡಿಹೋಗಿ ಭಾವಮೈದುನನ ಕಿವಿಯಲ್ಲಿ, “ಇನ್ನೊಂದು ತುಂಡು ಬ್ರೆಡ್ ಸಿಗುತ್ತೇನೋ?” ಎಂದೆ.

“ಇಲ್ಲೆಲ್ಲಿ ಸಿಗುತ್ತೆ ಭಾವ? ಯಾಕೆ, ಹಸಿವಾ?”

“ಇಲ್ಲ ಕಣೋ. ಈಗ ಹಸಿವಿಲ್ಲ.”

ಅವನು ನನ್ನ ಮೀಸೆಯ ಮೇಲಿನ ಪುಡಿಯನ್ನು ನೋಡಿದ. ಏಣಿ ಹತ್ತಿದ.

ಚಿತ್ರೀಕರಣ ಮತ್ತೆ ಶುರುವಾಯಿತು. “ಈ ತುಂಡೇ ಇನ್ನು ನಮ್ಮೆಲ್ಲರ ಉಸಿರು,” ಎಂದು ನಾಯಕ ಖಾಲಿ ತಟ್ಟೆಯತ್ತ ಕೈ ತೋರಿಸಿ ಗದ್ಗದಿತನಾದ. ಎಲ್ಲರೂ ಅವನ ಮುಖ ನೋಡುತ್ತಿದ್ದರು. ತಟ್ಟೆ ನೋಡಬೇಕಾದವನು ನಾನು. ನಾನು ಶೆಡ್ಡಿನ ಸೂರು ನೋಡುತ್ತಿದ್ದೆ. ಬಾಯಿಬಿಟ್ಟರೆ ಹೆಸರು ಹೋಗುತ್ತದೆಂದು ತೆಪ್ಪಗಿದ್ದುಬಿಟ್ಟೆ.

ಕಂತು ಪ್ರಸಾರವಾಯಿತು. “ರೀ, ಬ್ರೆಡ್ ಎಲ್ಲಿ?” ಎಂದಳು ಹೆಂಡತಿ.

“ಅದು ಕ್ಯಾಮೆರಾ ಇಟ್ಟ ಕೋನ ಕಣೇ.”

“ತಟ್ಟೆಗಿರದ ಕೋನ ಬ್ರೆಡ್ಡಿಗೆ ಮಾತ್ರನಾ?”

ವಾರ ಕಳೆಯುವಷ್ಟರಲ್ಲಿ ಡೈರೆಕ್ಟರು ಕರೆಸಿದರು. ಮೇಜಿನ ಮೇಲೆ ಹನ್ನೊಂದು ಪುಟದ ಕಾಗದ ಬಿದ್ದಿತ್ತು. ಬರೆದವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು, ನನ್ನದೇ ಜಾತಿಯ ಹುಚ್ಚರು. ಬ್ರೆಡ್ ತಾನಾಗಿ ಮಾಯವಾಗುವುದಿಲ್ಲ, ಆದ್ದರಿಂದ ನೌಕೆಯಲ್ಲಿ ಮೊದಲ ಕಂತಿನಿಂದಲೂ ಒಂದು ಅದೃಶ್ಯ ಜೀವಿ ಇದೆ ಎಂದು ಅವರು ಸಾಧಿಸಿದ್ದರು. ನಾನು ಪಟ್ಟಿ ಮಾಡಿದ್ದ ನೂರಾ ನಲವತ್ತು ತಪ್ಪುಗಳಲ್ಲಿ ತೊಂಬತ್ತನ್ನಾದರೂ ಅವರೂ ಕಂಡುಹಿಡಿದು ಆ ಜೀವಿಯ ತಲೆಗೆ ಕಟ್ಟಿದ್ದರು. ಓದುತ್ತಾ ಓದುತ್ತಾ ನನಗೂ ನಂಬಿಕೆ ಬಂದುಬಿಟ್ಟಿತು.

“ಮುಂದಿನ ಇಪ್ಪತ್ತು ಕಂತು ಆ ಜೀವಿದೇ ಕತೆ,” ಎಂದರು ಡೈರೆಕ್ಟರು. “ಆದ್ರೆ ನಿಜ ಹೇಳಿ ಸರ್, ಬ್ರೆಡ್ ಏನಾಯ್ತು?”

ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಹೆಸರು ಹಾಕೋಕಾಗಲ್ಲ ಸರ್. ನಿಮಗೆ ಕನ್ನಡಕದ ಅಂಗಡಿನೇ ವಾಸಿ,” ಎಂದರು.

ಮನೆಯಲ್ಲಿ ಬ್ರೆಡ್ಡಿನ ವಿಷಯ ಬಚ್ಚಿಟ್ಟು ಜೀವಿಯ ವಿಷಯ ಮಾತ್ರ ಹೇಳಿದೆ. “ಸದ್ದಿಲ್ಲದೆ ಬರುತ್ತಂತೆ, ಮುಚ್ಚಿಟ್ಟಿದ್ದನ್ನೆಲ್ಲ ತಿಂದು ಮುಗಿಸುತ್ತಂತೆ, ಆಮೇಲೆ ಏನೂ ಗೊತ್ತಿಲ್ಲದ ಹಾಗೆ ಇರುತ್ತಂತೆ. ಅದರ ಸ್ವಭಾವ ಹೇಗಿರಬಹುದು ಅಂತ ಕತೆ ಬರೆಯೋರಿಗೆ ತಲೆಬುಡ ತಿಳೀತಿಲ್ಲವಂತೆ ಕಣೇ.”

ಅವಳು ಒರೆಸುತ್ತಿದ್ದ ಪಾತ್ರೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

“ನನ್ನ ನಂಬರ್ ಕೊಡಿ ಅವ್ರಿಗೆ,” ಎಂದಳು. “ಹದಿನಾರು ವರ್ಷದಿಂದ ಸಾಕ್ತಿದ್ದೀನಿ.”