ನಮ್ಮ ಅತ್ತೆಯ ಹರಕು ಪುಸ್ತಕಗಳು

ಎಲ್ಲ ಊರುಗಳಲ್ಲೂ ಪುಸ್ತಕ ಹರಿದರೆ ಮಕ್ಕಳಿಗೆ ಏಟು ಬೀಳುತ್ತದೆ. ಹರಿಯದಿದ್ದರೆ ತಾಯಂದಿರಿಗೆ ಬೈಗುಳ ಬೀಳುವುದು ನಮ್ಮೂರಿನಲ್ಲಿ ಮಾತ್ರ, ಅದೂ ನಮ್ಮ ಅತ್ತೆಯ ಬಾಯಿಂದ ಮಾತ್ರ! ನಾನು ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಎಲ್ಲವೂ ನನ್ನ ಡೈರಿಯಲ್ಲಿದೆ. ಜುಲೈ ಹದಿನೆಂಟರಿಂದ ಜನವರಿ ಮೂವತ್ತರವರೆಗೆ ಅತ್ತೆಯಿಂದ ಬೈಸಿಕೊಂಡ ತಾಯಂದಿರು ಹನ್ನೊಂದು, ಅಜ್ಜಿಯರು ಒಂಬತ್ತು, ಗಂಡಸರು ನಾಲ್ಕು. ಪುಸ್ತಕ ಹರಿದದ್ದಕ್ಕಾಗಿ ಅತ್ತೆಯಿಂದ ಮುತ್ತು ಪಡೆದ ಮಕ್ಕಳು ಹದಿನೇಳು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬೆಟ್ಟದಪುರಕ್ಕೆ ನಡೆದೇ ಹೋಗಬಹುದಾದ ನಮ್ಮೂರಿನಲ್ಲಿ, ನಮ್ಮ ಎದುರು ಮನೆಯಲ್ಲೇ ಇದ್ದಾಳೆ. ಓದಿದ್ದು ಏಳನೇ ತರಗತಿ. ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರ ಗುಂಪಿಗೆ ಆಕೆಯೇ ಯಜಮಾನಿ. ಇಂಥವಳ ಕೈಗೆ ಪುಸ್ತಕ ಹಂಚುವ ಕೆಲಸ ಬಂದದ್ದು ಹೇಗೆ ಅಂತೀರಾ? ಉಳಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು, ಈಕೆ ಸರಿಯಲಿಲ್ಲ. ಅಷ್ಟೇ!

ಮೈಸೂರಿನ ಒಂದು ಸಂಸ್ಥೆಯವರು ಜೀಪಿನಲ್ಲಿ ಬಂದು, ಮೂರು ವರ್ಷದೊಳಗಿನ ಪ್ರತಿ ಮಗುವಿಗೂ ಒಂದೊಂದು ಪುಸ್ತಕ ಪುಕ್ಕಟೆ ಕೊಡುತ್ತೇವೆ ಎಂದರು. ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಆಲು ಕುಡಿಯೋ ಕೂಸ್ಗೆ ಪುಸ್ತಕನಾ? ಇನ್ನೂ ವಯಸ್ಸಾಗ್ಲಿ ತಡೀರಿ."

"ನಿಂಗೆ ಅರವತ್ತಾಯ್ತು ಕಣಣ್ಣ," ಎಂದಳು ಅತ್ತೆ. "ಇವತ್ತಿಗೂ ಒಂದ್ ಪುಸ್ತಕ ಮುಟ್ನಿಲ್ಲ. ನಿಂಗಿನ್ನೆಷ್ಟು ವಯಸ್ಸಾಗ್ಬೇಕು?"

ಜೀಪಿನವರಿಗೆ ತಮ್ಮ ಮನುಷ್ಯ ಯಾರೆಂದು ಆಗಲೇ ಗೊತ್ತಾಯಿತು. ಮೂವತ್ತು ಪುಸ್ತಕದ ಪೆಟ್ಟಿಗೆ, ಒಂದು ರಿಜಿಸ್ಟರು ಅತ್ತೆಯ ಜಗುಲಿಗೆ ಇಳಿದವು. ಹೋಗುವಾಗ ಒಂದು ಮಾತು ಹೇಳಿದರು: ಆರು ತಿಂಗಳಿಗೆ ಬಂದು ನೋಡುತ್ತೇವೆ, ಪುಸ್ತಕಗಳ ಸ್ಥಿತಿ ಚೆನ್ನಾಗಿದ್ದರೆ ಮುಂದಿನ ಪೆಟ್ಟಿಗೆ.

ರಿಜಿಸ್ಟರು ನನ್ನ ಪಾಲಿಗೆ ಬಂತು. ಬರದೆ ಏನು? ಪಿರಿಯಾಪಟ್ಟಣದ ಕಾಲೇಜಿಗೆ ಹೋಗುವವಳು, ದಿನಾ ಡೈರಿ ಬರೆಯುವವಳು, ಅಡ್ಡಗೆರೆಯನ್ನೂ ಸ್ಕೇಲು ಇಟ್ಟು ಎಳೆಯುವವಳು ಮನೆಯಲ್ಲಿ ನಾನೊಬ್ಬಳೇ. ನನ್ನ ಪುಸ್ತಕಗಳಿಗೆಲ್ಲ ಕಂದು ಕಾಗದದ ಬೈಂಡು, ಬೈಂಡಿನ ಮೇಲೆ ಚೀಟಿ, ಟ್ರಂಕಿನಲ್ಲಿ ನುಸಿಗುಳಿಗೆ. ನಾನು ಕೂಸಾಗಿದ್ದಾಗ ಮನೆಗೆ ಬಂದ ಚಿತ್ರದ ಪುಸ್ತಕ ಇವತ್ತಿಗೂ ಹೊಚ್ಚ ಹೊಸದಾಗಿದೆ! ಅಜ್ಜಿ ಅದನ್ನು ಯಾರ ಕೈಗೂ ಸಿಗದಂತೆ ದೇವರ ಗೂಡಿನಲ್ಲಿ ಇಟ್ಟಿದ್ದರು. ಹತ್ತು ವರ್ಷದವಳಿದ್ದಾಗ, ಸುಣ್ಣ ಬಳಿಯುವ ದಿನ, ಅದು ನನ್ನ ಕೈ ಸೇರಿತು. ಐದು ನಿಮಿಷದಲ್ಲಿ ಓದಿ ಮುಗಿಸಿ, ಬೈಂಡು ಹಾಕಿ ಟ್ರಂಕಿಗೆ ಸೇರಿಸಿದೆ. ಈ ಸಾಧನೆಯನ್ನು ಅತ್ತೆಯ ಮುಂದೆ ಒಮ್ಮೆ ಜಂಬದಿಂದ ಹೇಳಿದೆ. ಎಲ್ಲದಕ್ಕೂ ಮಾತಿರುವ ಅತ್ತೆ, "ಊಂ" ಎಂದು ಹೇಳಿ ಎದ್ದು ಕೊಟ್ಟಿಗೆ ಗುಡಿಸಲು ಹೋದಳು. ಗುಡಿಸಿದ ಕೊಟ್ಟಿಗೆಯನ್ನೇ ಮತ್ತೆ ಗುಡಿಸಿದಳು.

ಹಂಚುವುದಕ್ಕೆ ಅತ್ತೆಯದೇ ಒಂದು ಕಾನೂನು ಇತ್ತು. ಪುಸ್ತಕದ ಒಳರಟ್ಟಿನ ಮೇಲೆ ಮಗುವಿನ ಹೆಸರನ್ನು ತಾನೇ ಬರೆಯಬೇಕು. ಕೋಳಿ ಕೆದಕಿದಂತಹ ಅಕ್ಷರ! ಹೆಸರಿಡದ ಕೂಸಾದರೆ "ಪಾಪು, ಇಂಥವರ ಮನೆ" ಎಂದು ಬರೆಯುವಳು. ಒಂದು ಮನೆಯಲ್ಲಿ ಯಜಮಾನರು, "ಕೂಸಿಂದ್ಯಾಕೆ, ನನ್ನೆಸ್ರು ಬರಿ. ನಮ್ಮನೆ ಪುಸ್ತಕ ತಾನೆ?" ಎಂದರು.

"ಒಲ ನಿನ್ನೆಸ್ರಲ್ಲಿ ಅದೆ, ಮನೆ ನಿನ್ನೆಸ್ರಲ್ಲಿ ಅದೆ, ರೇಷನ್ ಕಾರ್ಡು ನಿನ್ನೆಸ್ರಲ್ಲಿ ಅದೆ. ಅನ್ನೆರ್ಡು ಪುಟ ಆದ್ರೂ ಆ ಹೆಣ್ಕೂಸಿನ್ ಎಸ್ರಲ್ಲಿರ್ಲಿ ಬುಡಣ್ಣ," ಎಂದಳು ಅತ್ತೆ. ಅವರು ಬಿಟ್ಟರು. ಬಿಡದೆ ಬೇರೆ ದಾರಿ ಇತ್ತೇ?

ಪುಸ್ತಕ ಕೊಟ್ಟು ಹದಿನೈದು ದಿನಕ್ಕೆ ಅತ್ತೆಯ ತಪಾಸಣೆ ಶುರುವಾಯಿತು. ಮೊದಲನೇ ಮನೆಯಲ್ಲಿ ಪುಸ್ತಕ ದೇವರ ಗೂಡಿನಲ್ಲಿತ್ತು. ರಟ್ಟಿನ ಮೇಲಿದ್ದ ಆನೆಯ ಹಣೆಗೆ ಅರಿಸಿನ, ಕುಂಕುಮ. ಸೊಂಡಿಲ ಮೇಲೊಂದು ದಾಸವಾಳ. ಎರಡನೇ ಮನೆ: ಅದೇ. ಮೂರನೇ ಮನೆ: ಅದೇ, ಜೊತೆಗೆ ಊದುಬತ್ತಿ!

"ಸರಸ್ವತಿ ಕಣವ್ವ," ಎಂದರು ಮೂರನೇ ಮನೆಯ ಅಜ್ಜಿ. "ಕೂಸಿನ್ ಕಾಲು ಗೀಲು ತಗುಲಿದ್ರೆ ಪಾಪ ಸುತ್ಕತದೆ."

"ದೇವ್ರಿಗೆ ಓದಕ್ಕೆ ಬತ್ತದೆ ಕಣಜ್ಜಿ, ಕೂಸ್ಗೆ ಬರಾಕಿಲ್ಲ. ಇಳ್ಸು ಕೆಳಕ್ಕೆ."

"ಅರ್ದಾಕ್ಬುಡ್ತದಲ್ಲವ್ವ!"

"ಅರೀಲಿ! ನಾ ಬಂದಾಗ ಒಂದ್ ಪುಟನಾದ್ರೂ ಅರೀದೆ ಇದ್ರೆ ನಿಮ್ಮನೆ ಮೆಟ್ಲು ಇಳಿಯಾಕಿಲ್ಲ ನಾನು."

ಅಜ್ಜಿ ನನ್ನ ಕಡೆ ನೋಡಿದರು, 'ಇವಳಿಗೆ ಯಾವತ್ತಿನಿಂದ ಹೀಗೆ?' ಎನ್ನುವ ಹಾಗೆ. ನಾನು ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಬರೆದುಕೊಂಡೆ: ಸ್ಥಿತಿ ಉತ್ತಮ. ಅತ್ತೆ ಇಣುಕಿ ನೋಡಿ, "ಉತ್ತಮ ಅಲ್ಲ, ಕೆಟ್ಟದು ಅಂತ ಬರಿಯಮ್ಮಿ" ಎಂದಳು.

ಆದರೆ ಲ್ಯಾಮಿನೇಷನ್ ಮನೆಯ ಮುಂದೆ ಇದೆಲ್ಲ ಏನೂ ಅಲ್ಲ. ಆ ಮನೆಯ ತಂದೆ ಬಲು ಜವಾಬ್ದಾರಿಯ ಮನುಷ್ಯ. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ತನ್ನ ಹತ್ತನೇ ತರಗತಿಯ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಲು ಹೋದವನು, ಜೊತೆಗೆ ಮಗಳ ಪುಸ್ತಕಕ್ಕೂ ಮಾಡಿಸಿಕೊಂಡು ಬಂದಿದ್ದ. ಪುಟಪುಟಕ್ಕಲ್ಲ. ಮುಚ್ಚಿದ ಪುಸ್ತಕಕ್ಕೇ! ನಾಲ್ಕೂ ಕಡೆ ಸೀಲು! ನೀರು ಇಳಿಯದು, ಗಾಳಿ ಆಡದು. ತೆರೆಯಲೂ ಆಗದು.

"ನೂರ್ ವರ್ಷ ಏನೂ ಆಗಾಕಿಲ್ಲ ಕಣಕ್ಕ," ಎಂದ ಹೆಮ್ಮೆಯಿಂದ.

ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಉಸ್ರು ಕಟ್ಟೋಗದೆ ಕಣ್ಲಾ ಒಳಗಿರೋ ಆನೆಗೆ!" ಎಂದವಳೇ ಮಡಿಲಿನ ಎಲೆಚೀಲದಿಂದ ಅಡಕತ್ತರಿ ತೆಗೆದು, ಪುಸ್ತಕದ ಬೆನ್ನು ಬಿಟ್ಟು ಉಳಿದ ಮೂರೂ ಅಂಚನ್ನು ಕತ್ತರಿಸಿ ಮಗುವಿನ ಮುಂದೆ ಹಾಕಿದಳು. ಮಗು ಮೊದಲು ಪ್ಲಾಸ್ಟಿಕ್ಕನ್ನು ಕಚ್ಚಿತು, ಆಮೇಲೆ ಆನೆಯನ್ನು. ಆಗಸ್ಟ್ ಒಂಬತ್ತು, ಮುತ್ತು ಸಂಖ್ಯೆ ನಾಲ್ಕು.

ಸೊಪ್ಪು ಕಟ್ಟುವ ಕಾಲದಲ್ಲಿ ಅತ್ತೆಯ ಶಾಲೆ ಹೊಂಗೆ ಮರದ ಕೆಳಗೆ. ಕೊಂಬೆಗೆ ಸೀರೆಯ ಜೋಲಿಗಳು, ಜೋಲಿಯಲ್ಲಿ ಕೂಸುಗಳು, ಕೆಳಗೆ ಅವರ ತಾಯಂದಿರ ಕೈಯಲ್ಲಿ ಸೊಪ್ಪು, ದಾರ. ಅತ್ತೆ ಒಂದು ಜೋಲಿಯೊಳಗೆ ತಲೆ ತೂರಿಸಿ, "ಆನೆ ಬಂತು!" ಎಂದು ಓದುವಳು. ಹೆಂಗಸರೆಲ್ಲ, "ಎಲ್ಲಿಗ್ ಬಂತು?" ಎನ್ನುವರು. "ನಾಗರಹೊಳೆ ಕಡೆಯಿಂದ ನಮ್ ಜೋಳದ್ ಒಲಕ್ಕೆ ಬಂತು!" ಇದ್ಯಾವುದೂ ಪುಸ್ತಕದಲ್ಲಿ ಇರಲಿಲ್ಲ. "ಅತ್ತೆ, ಅಲ್ಲಿ ಅಷ್ಟೆಲ್ಲ ಬರೆದಿಲ್ಲ" ಎಂದೆ ನಾನು. "ಬರ್ಯೋರ್ಗೆ ಜಾಗ ಸಾಲ್ಲಿಲ್ಲ ಕಣಮ್ಮಿ" ಎಂದಳು.

ಗೌರಿ ಹಬ್ಬದ ಹೊತ್ತಿಗೆ ಮೂವತ್ತನೆಯ ಪುಸ್ತಕವೂ ಮುಗಿಯಿತು. ಹಬ್ಬದ ಮಾರನೆಯ ದಿನವೇ ಸೊಪ್ಪು ಕಟ್ಟುವ ಗುಂಪಿನ ತಾಯಮ್ಮನಿಗೆ ಹೆಣ್ಣುಮಗು ಹುಟ್ಟಿತು. ಬಸುರಿಯಾಗಿದ್ದಾಗ ಜೋಲಿಯ ಕೆಳಗೆ ಕೂತು "ಎಲ್ಲಿಗ್ ಬಂತು?" ಎಂದು ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದವಳು ಅವಳೇ. ಅತ್ತೆ ಅವಳಿಗೆ ಮಾತು ಕೊಟ್ಟಿದ್ದಳು. ಈಗ ಪೆಟ್ಟಿಗೆ ಖಾಲಿ.

ಬೀದಿಯಲ್ಲಿ ಸಿಕ್ಕಾಗಲೆಲ್ಲ ತಾಯಮ್ಮನದು ಒಂದೇ ಪ್ರಶ್ನೆ: "ಅಕ್ಕೋ, ನನ್ ಕೂಸಿಂದು? ತೊಟ್ಲಲ್ಲಿ ಜಾಗ ಬುಟ್ಟಿವ್ನಿ." ಅತ್ತೆಯದು ಒಂದೇ ಉತ್ತರ: "ಜನವರಿಗೆ ಪೆಟ್ಗೆ ಬತ್ತದೆ, ತಡಿ." ಈ ಪ್ರಶ್ನೋತ್ತರ ಡೈರಿಯಲ್ಲಿ ಇಪ್ಪತ್ತಮೂರು ಸಲ ಇದೆ.

ಆದ್ದರಿಂದ ಪೆಟ್ಟಿಗೆ ಬರಲೇಬೇಕಿತ್ತು. ಜನವರಿ ಇಪ್ಪತ್ತೊಂಬತ್ತರಂದು ನಾನು ಮನೆಮನೆ ಸುತ್ತಿ ಮೂವತ್ತನ್ನೂ ತಂದು ಎಣಿಸಿದೆ. ಹರಿದವು, ಕಚ್ಚಿದವು, ಜೊಲ್ಲಿನಲ್ಲಿ ನೆಂದು ಉಬ್ಬಿದವು ಒಟ್ಟು ಹದಿನೇಳು. ಅತ್ತೆಯ ಬೈಗುಳಕ್ಕೂ ಜಗ್ಗದೆ ಶುಭ್ರವಾಗಿ ಉಳಿದವು ಹದಿಮೂರು: ದೇವರ ಗೂಡಿನವು ಒಂಬತ್ತು, ಟ್ರಂಕಿನವು ಮೂರು, ಟೀವಿಯ ಮೇಲಿನದು ಒಂದು. ಹದಿಮೂರನ್ನು ಮೇಜಿನ ಮೇಲೆ ಜೋಡಿಸಿದೆ. ಹದಿನೇಳನ್ನು ಗೋಣಿಚೀಲಕ್ಕೆ ತುಂಬಿ ಬಾಗಿಲ ಹಿಂದೆ ಇಟ್ಟೆ. ಕೇಳಿದರೆ, 'ಉಳಿದವು ಮಕ್ಕಳ ಜೊತೆ ನೆಂಟರೂರಿಗೆ ಹೋಗಿವೆ' ಎನ್ನುವುದೆಂದು ಮನಸ್ಸಿನಲ್ಲೇ ಬರೆದುಕೊಂಡೆ.

ಮಾರನೆಯ ದಿನ ಸಂಸ್ಥೆಯಿಂದ ನೋಡಲು ಬಂದದ್ದು ಕನ್ನಡಕದ ಒಬ್ಬ ಮೃದು ಮನುಷ್ಯ. ಹದಿಮೂರನ್ನು ಒಂದೊಂದಾಗಿ ತಿರುವಿ, "ತುಂಬಾ ಚೆನ್ನಾಗಿ ಇಟ್ಟಿದ್ದೀರಿ" ಎಂದರು. ನನ್ನ ಎದೆ ಹಗುರಾಯಿತು. ಎಷ್ಟು ಹೊತ್ತು? ಹಿಂದಿನಿಂದ ದಡದಡ ಸದ್ದು. ಅತ್ತೆ ಗೋಣಿಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ್ದಳು!

"ಅವು ಪೂಜೆ ಮಾಡಿರೋವು ಸಾ. ಇವು ಓದಿರೋವು. ನೀವು ಪೂಜೆಗ್ ಕೊಟ್ರಾ, ಓದಕ್ ಕೊಟ್ರಾ?"

ಆತ ಒಂದು ಹರಕನ್ನು ಎರಡು ಬೆರಳಲ್ಲಿ ಎತ್ತಿದರು. "ಅಮ್ಮ, ಇದರಲ್ಲಿ ಅರ್ಧ ಪುಸ್ತಕವೇ ಇಲ್ಲವಲ್ಲ?"

ಅತ್ತೆ ಪಕ್ಕದ ಮನೆಯ ಎರಡು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಂದು ಮುಂದೆ ಕೂರಿಸಿದಳು. ಪುಸ್ತಕ ಅವಳದೇ. ಹುಡುಗಿ ತಾನೇ ಪುಟ ಮಗುಚಿದಳು. ಸೊಂಡಿಲಿಲ್ಲದ ಆನೆಗೆ "ಆನೆ" ಎಂದಳು. ಬಾಲವಿಲ್ಲದ ಬೆಕ್ಕಿಗೆ "ಬೆಕ್ಕು" ಎಂದಳು. ಮೂರನೇ ಪುಟದಲ್ಲಿ ಏನೂ ಇರಲಿಲ್ಲ, ಬರೀ ಹಲ್ಲು ಕಚ್ಚಿ ಉಳಿಸಿದ ಅಂಚು. ಅಲ್ಲೂ ಬೆರಳಿಟ್ಟು "ಕೋಳಿ" ಎಂದಳು.

"ಕೋಳಿ ಎಲ್ಲಿದೆ ಪುಟ್ಟಿ?"

ಹುಡುಗಿ ಹೊಟ್ಟೆ ತಟ್ಟಿಕೊಂಡಳು. "ನಾ ತಿಂದೆ."

ಆತ ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. ನಕ್ಕರು ನಿಜ, ಆದರೆ ತಮ್ಮ ಹಾಳೆಯಲ್ಲಿ 'ಹಾಳಾಗಿದೆ' ಎಂದು ಹದಿನೇಳು ಸಲ ಬರೆದರು. ನಾನು ಎಣಿಸಿದೆ. "ನನ್ನ ಕೈಯಲ್ಲಿ ಏನಿದೆ ಅಮ್ಮ, ನಿಯಮ ಮೇಲಿನವರದು" ಎಂದು ಹೇಳಿ ಹೋದರು. ಫೆಬ್ರವರಿ ಹನ್ನೆರಡಕ್ಕೆ ಕಾಗದ ಬಂತು: ಎರಡನೆಯ ಪೆಟ್ಟಿಗೆ, ಪುಸ್ತಕಗಳನ್ನು ಜೋಪಾನ ಮಾಡಿದ ಬೇರೆ ಊರಿಗೆ.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಕಾಗದ ಹಿಡಿದು ಎದುರು ಮನೆಗೆ ಹೋಗಿ ಕೂಗಾಡಿದೆ. "ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಆಗ್ತಿರಲಿಲ್ಲವಾ? ನಿನ್ನ ಹಟಕ್ಕೆ ತಾಯಮ್ಮನ ಕೂಸಿಗೆ ಪುಸ್ತಕ ಇಲ್ಲ!"

"ಸುಳ್ ಯೋಳಿ ತಂದ್ರೆ ಆ ಪುಸ್ತಕನೂ ಅಂಗೇ ಗೂಡ್ಗೋಯ್ತದೆ ಕಣಮ್ಮಿ. ನೆಟ್ಟಗಿರೋ ಪುಸ್ತಕ ತೋರ್ಸಿ ಇಸ್ಕಂಡ್ರೆ, ಮುಂದಿನ್ದನ್ನ ಯಾವ್ ಅವ್ವ ಕೂಸ್ಗೆ ಕೊಟ್ಟಾಳು?" ಎಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ, "ಒಂದ್ಸಲ ಸುಮ್ಕಿದ್ದೆ. ಸಾಕು" ಎಂದು ಕಸಬರಿಕೆ ಎತ್ತಿಕೊಂಡಳು.

ಯಾವಾಗ ಸುಮ್ಮನಿದ್ದಳು ಈಕೆ? ನನ್ನ ಲೆಕ್ಕದಲ್ಲಿ ಒಂದು ಸಲವೂ ಇಲ್ಲವಲ್ಲ!

ಮನೆಗೆ ಬಂದು ಟ್ರಂಕು ತೆರೆದೆ. ತಾಯಮ್ಮನ ಕೂಸಿಗೆ ಕೊಡಬಹುದಾದದ್ದು ಅದರಲ್ಲಿ ಒಂದೇ ಇತ್ತು, ನನ್ನ ಆ ಹೊಚ್ಚ ಹೊಸ ಪುಸ್ತಕ. ಕೊಡುವ ಮನಸ್ಸು ಅರ್ಧ, ಕೊಡದ ಮನಸ್ಸು ಅರ್ಧ. ಕಂದು ಬೈಂಡನ್ನು ಬಿಚ್ಚಿದೆ. ಬೈಂಡಿನ ಮಡಿಕೆಯ ಅಡಿಯಲ್ಲಿ, ಒಳರಟ್ಟಿನ ಮೇಲೆ, ಕೋಳಿ ಕೆದಕಿದಂತಹ ಅಕ್ಷರದಲ್ಲಿ ಒಂದು ಸಾಲಿತ್ತು. ಬೈಂಡು ಹಾಕುವ ಆತುರದಲ್ಲಿ ನಾನೇ ಮುಚ್ಚಿದ್ದ ಸಾಲು.

"ಪಾಪು, ತಮ್ಮನ ಮನೆ."

ಇಷ್ಟು ವರ್ಷವೂ ಅದನ್ನು ಅಪ್ಪ ತಂದದ್ದೆಂದೇ ತಿಳಿದಿದ್ದೆ. ಅಜ್ಜಿ ಅದನ್ನು ಗೂಡಿಗೆ ಏರಿಸಿದ ದಿನ ಅತ್ತೆ ತನ್ನ ತಾಯಿಯ ಮಾತಿಗೆ ಎದುರಾಡದೆ ಸುಮ್ಮನಿದ್ದಿರಬೇಕು. ಆಮೇಲೆ ನಾನು ಜಂಬದಿಂದ ಹೇಳಿದಾಗ ಕೊಟ್ಟಿಗೆ ಗುಡಿಸಲು ಹೋದಳು.

ಆ ಸಾಲಿನ ಕೆಳಗೆ "ಪಾಪು, ತಾಯಮ್ಮನ ಮನೆ" ಎಂದು ಬರೆದೆ. ಅತ್ತೆಯನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಆಕೆ ಪುಸ್ತಕವನ್ನು ಒಮ್ಮೆ ತೆರೆದು, ಮುಚ್ಚಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಎಷ್ಟ್ ಚೆಂದಾಗಿ ಮಡಗಿದ್ದಿಯವ್ವ," ಎಂದಳು. ಬೈಗುಳವೋ ಹೊಗಳಿಕೆಯೋ, ಇಂದಿಗೂ ಯಾವ ಪಟ್ಟಿಗೂ ಸೇರಿಸಿಲ್ಲ.

ತೊಟ್ಟಿಲಲ್ಲಿ ತಾಯಮ್ಮ ನಿಜವಾಗಿಯೂ ಜಾಗ ಬಿಟ್ಟಿದ್ದಳು. ಐದು ತಿಂಗಳ ಕೂಸು ಎರಡೂ ಕೈಯಲ್ಲಿ ಪುಸ್ತಕ ಹಿಡಿದು, ನನ್ನನ್ನೇ ನೋಡುತ್ತ, ನಾನು ಹತ್ತೊಂಬತ್ತು ವರ್ಷದಿಂದ ಬಾಯಿಗಿಡದೆ ಬಿಟ್ಟಿದ್ದ ಮೂಲೆಯನ್ನು ಬಾಯಿಗಿಟ್ಟುಕೊಂಡಿತು.

"ಬರ್ಕಂಡ್ಯಾ?" ಎಂದಳು ಅತ್ತೆ.

ಬರೆದುಕೊಂಡೆ. ಫೆಬ್ರವರಿ ಹನ್ನೆರಡು, ಬಲಗಡೆಯ ಮೇಲಿನ ಮೂಲೆ, ಒದ್ದೆ. ಕ್ರಮಸಂಖ್ಯೆ ಮೂವತ್ತೊಂದು ಎಂದು ಬರೆದವಳು, ಅದನ್ನು ಹೊಡೆದು ಹಾಕಿ 'ಒಂದು' ಎಂದು ಬರೆದೆ. ಅತ್ತೆ ಹೆಸರು ಬರೆದು ಕೊಟ್ಟ ಮೊದಲ ಪುಸ್ತಕ ಅದೇ ಅಲ್ಲವೇ? ನನ್ನ ಡೈರಿಯಲ್ಲಿ ಇದುವರೆಗೆ ಇರುವ ಚಿತ್ತು ಅದೊಂದೇ.